ಕಾಸು ಬೇಡವೆಂದವರ ಸಾಲು

ಮಿಡಿಗೇಶಿಯಿಂದ ಪಾವಗಡದ ಕಡೆಗೆ ಹೋಗುವ ರಸ್ತೆಯನ್ನು ಅಗಲ ಮಾಡುವಾಗ ಒಂದು ತಿರುವನ್ನು ನೇರ ಮಾಡಬೇಕೆಂದು ತೀರ್ಮಾನವಾಯಿತು. ನಕ್ಷೆಯ ಮೇಲೆ ಗೆರೆ ಎಳೆಯುವವರಿಗೆ ತಿರುವು ಕಂಡರೆ ಆಗದು. ಹೊಸ ಗೆರೆ ಒಂದು ಕಾಲೋನಿಯ ಸ್ಮಶಾನದ ಮೇಲೆ ಹಾದು ಹೋಗಿತ್ತು. ಸರ್ಕಾರದ ಕಡತದಲ್ಲಿ ಅದು ಸ್ಮಶಾನವಲ್ಲ, ಗೋಮಾಳ. ಕಾಲೋನಿಯವರು ಕಚೇರಿಯ ಮುಂದೆ ಕೂತು ಗಲಾಟೆ ಮಾಡಿದ ಮೇಲೆ ಒಂದು ರಾಜಿಯಾಯಿತು. ಸಮಾಧಿಗಳಿವೆ ಎಂದು ಎಲ್ಲಿಯವರೆಗೆ ತೋರಿಸಿಕೊಡಲು ಆಗುತ್ತದೋ ಅಲ್ಲಿಯವರೆಗೆ ಸ್ಮಶಾನ, ಉಳಿದದ್ದು ರಸ್ತೆಗೆ. ಹುಡುಕಿ ತೋರಿಸುವ ಕೆಲಸ ಗುತ್ತಿಗೆಯ ಮೇಲೆ, ಹಳೆಯ ನೆಲೆಗಳನ್ನು ಅಳೆದು ನಕ್ಷೆ ಮಾಡುವ ನನ್ನ ಪಾಲಿಗೆ ಬಂತು.

ಕೆಲಸ ಸುಲಭದ್ದೇನೂ ಆಗಿರಲಿಲ್ಲ. ಒಂದು ಕಾಲಕ್ಕೆ ಪ್ರತಿ ಸಮಾಧಿಗೂ ತಲೆಯ ಕಡೆ ಒಂದು ಕಲ್ಲು ನೆಟ್ಟಿದ್ದರಂತೆ. ಆ ಕಲ್ಲುಗಳನ್ನೆಲ್ಲ ಯಾರೋ ಟ್ರ್ಯಾಕ್ಟರಿಗೆ ಹೇರಿಕೊಂಡು ಕೆರೆ ಏರಿಯ ಕೆಲಸಕ್ಕೆ ಸಾಗಿಸಿದ್ದರು. ನಾನು ಹೋದಾಗ ಕಂಡದ್ದು ಬೋಳು ಗರಸು ನೆಲ, ಅಲ್ಲಲ್ಲಿ ಜಾಲಿ ಗಿಡ, ಮೇಯುತ್ತಿದ್ದ ಒಂದಿಷ್ಟು ಕುರಿ. ಜೊತೆಗೆ ಬಂದಿದ್ದ ರಸ್ತೆಯ ಎಂಜಿನಿಯರ್ ಸುತ್ತ ನೋಡಿ, "ಇಲ್ಲಿ ಏನಿದೆ ಮೇಡಂ ಹುಡುಕೋಕೆ?" ಅಂದರು. ನನಗೆ ಆಗಲೇ ಸಿಟ್ಟು ಬಂದಿತ್ತು. ಕಲ್ಲು ಕಿತ್ತುಕೊಂಡು ಹೋದವರು ಕಲ್ಲೇ ಇಲ್ಲವಲ್ಲ ಎಂದು ಕೇಳುವುದು ನಾನು ಬಹಳ ಕಡೆ ಕಂಡಿರುವ ಆಟ.

ಮಣ್ಣು ಅಗೆದು ಮೂಳೆ ತೋರಿಸುವ ಹಾಗಿಲ್ಲ ಎಂಬುದು ಕಾಲೋನಿಯವರ ಷರತ್ತು. ನನ್ನದೂ ಅದೇ. ಮಲಗಿದವರನ್ನು ಎಬ್ಬಿಸಿ ಸಾಕ್ಷಿ ಹೇಳಿಸುವುದು ನನಗೆ ಸರಿಬರುವುದಿಲ್ಲ. ಹಾಗಾದರೆ ಹುಡುಕುವುದು ಹೇಗೆ? ದಾರಿ ಸಿಕ್ಕಿದ್ದು ಅವರ ಒಂದು ಪದ್ಧತಿಯಲ್ಲಿ.

ಸತ್ತವರ ಹಣೆಗೆ ನಾಣ್ಯ ಅಂಟಿಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ಕೊರಟಗೆರೆಯಲ್ಲಿ ನಮ್ಮಜ್ಜಿ ತೀರಿಕೊಂಡಾಗ ಕುಂಕುಮ ಕಲಸಿ ರೂಪಾಯಿ ಅಂಟಿಸಿದವಳು ನಾನೇ. ಅದು ಮತ್ತೆ ಮತ್ತೆ ಜಾರಿ ಬಿದ್ದು ದೊಡ್ಡಮ್ಮನ ಕೈಲಿ ಬೈಸಿಕೊಂಡಿದ್ದೆ. ಕೆಲವರು ಬಾಯಿಗೆ ಕಾಸು ಇಡುತ್ತಾರೆ, ಕೆಲವರು ದಾರಿಯುದ್ದಕ್ಕೂ ಪುರಿಯ ಜೊತೆ ಚಿಲ್ಲರೆ ಎರಚುತ್ತಾರೆ. ಈ ಕಾಲೋನಿಯಲ್ಲಿ ಅದರ ಮೇಲೆ ಇನ್ನೊಂದು ಶಾಸ್ತ್ರವಿತ್ತು. ಮಣ್ಣು ಎಳೆಯುವ ಮೊದಲು ಹಣೆಯ ಕಾಸನ್ನು ತೆಗೆದು ಮಗಳ ಸೆರಗಿನ ತುದಿಗೆ ಕಟ್ಟುತ್ತಾರೆ. ಹಾಲು ತುಪ್ಪ ಬಿಡುವ ದಿನ ಅವಳು ಅದನ್ನು ತಲೆಗಲ್ಲಿನ ಬುಡದಲ್ಲಿ ಗೇಣು ಆಳಕ್ಕೆ ಹೂಳುತ್ತಾಳೆ. ಅದಕ್ಕೆ ನೆಲದ ಕಾಸು ಎಂದು ಹೆಸರು. ಮಲಗಲು ಜಾಗ ಕೊಟ್ಟ ಭೂಮಿತಾಯಿಗೆ ಸಲ್ಲಿಸುವ ಬೆಲೆ ಅದು. ಒಮ್ಮೆ ಕೊಟ್ಟ ಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ.

ಕಲ್ಲು ಒಯ್ದವರಿಗೆ ಕಾಸಿನ ಸುದ್ದಿ ಗೊತ್ತಿರಲಿಲ್ಲ, ಅದು ಇದ್ದಲ್ಲೇ ಇತ್ತು. ಗೇಣು ಆಳದ ನಾಣ್ಯವನ್ನು ಮೆಟಲ್ ಡಿಟೆಕ್ಟರ್ ಸಲೀಸಾಗಿ ಹಿಡಿಯುತ್ತದೆ. ಕೆಲಸದ ವಿಧಾನವನ್ನು ಬರೆದು ಕಚೇರಿಗೆ ಕೊಟ್ಟೆ. ಯಂತ್ರ ಕೂಗಿದ ಕಡೆ ಒಂದು ಸಮಾಧಿ, ಅಲ್ಲಿಂದ ಉತ್ತರಕ್ಕೆ ಆರಡಿ ಅವರ ಜಾಗ, ಏಕೆಂದರೆ ಎಲ್ಲರನ್ನೂ ದಕ್ಷಿಣಕ್ಕೆ ತಲೆ ಮಾಡಿಯೇ ಮಲಗಿಸಿದ್ದಾರೆ. ಕಚೇರಿ ಒಪ್ಪಿತು, ಕಾಲೋನಿಯೂ ಒಪ್ಪಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಯಂತ್ರ ನಡೆಸಲು ಬಂದವನು ವೈ.ಎನ್.ಹೊಸಕೋಟೆಯವನು. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು, ಕೆಲಸದಲ್ಲಿ ಪೂರಾ ಅಚ್ಚುಕಟ್ಟು. ಹಗ್ಗ ಕಟ್ಟಿ, ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ ನೆಲವನ್ನೆಲ್ಲ ಮೀಟರಿಗೊಂದು ಚೌಕ ಮಾಡಿದೆವು. ಅವನು ಯಂತ್ರದ ಬಳೆಯನ್ನು ನೆಲಕ್ಕೆ ತಾಗಿಸದೆ ಬೀಸುತ್ತಾ ಹೋಗುವುದು, ಸದ್ದು ಬಂದ ಕಡೆ ನಾನು ಗೂಟ ಹೊಡೆಯುವುದು. ಮೊದಲ ದಿನ ಗುಟ್ಕಾ ಚೀಟಿ, ಬಾಟಲಿ ಮುಚ್ಚಳ, ಸಾವಿನ ದಾರಿಯಲ್ಲಿ ಎರಚಿದ ಚಿಲ್ಲರೆ, ಎಲ್ಲಕ್ಕೂ ಯಂತ್ರ ಒಂದೇ ಸಮನೆ ಕಿರುಚಿತು. ಮೇಲುಮಣ್ಣಿನ ಕಸ ಹೆಕ್ಕುವುದರಲ್ಲೇ ಸೊಂಟ ಬಿದ್ದು ಹೋಯಿತು. ಕೊನೆಗೆ ಅವನು ತೆಳು ಹಾಳೆಯ ಲೋಹಕ್ಕೆ ಯಂತ್ರ ಸುಮ್ಮನಿರುವಂತೆ ಗುಂಡಿ ತಿರುಗಿಸಿದ. ಆಮೇಲೆ ಕೆಲಸ ಸರಾಗವಾಯಿತು, ಅನುಮಾನ ಬರುವಷ್ಟು ಸರಾಗ.

ಗೂಟಗಳ ಸಾಲು ನೋಡಿದರೆ ನಡುನಡುವೆ ಹಲ್ಲು ಉದುರಿದ ಹಾಗೆ ಖಾಲಿ ಬಿಟ್ಟಿತ್ತು. ಒಂದು ಮನೆಯವರು ತಮ್ಮ ತಾತನ ಜಾಗ ಇಲ್ಲೇ ಎಂದು ಹಟ ಹಿಡಿದರು, ಯಂತ್ರ ಬಾಯಿ ಬಿಡಲಿಲ್ಲ. ಅವರ ಒಪ್ಪಿಗೆ ಪಡೆದು ಕುಂಚದಿಂದ ಗೇಣು ಮಣ್ಣು ಸರಿಸಿ ನೋಡಿದೆವು. ಸಿಕ್ಕಿದ್ದು ಅಲ್ಯೂಮಿನಿಯಂ ಹತ್ತು ಪೈಸೆ, ಹೂವಿನ ಎಸಳಿನ ಹಾಗೆ ಅಂಚಿದ್ದ ಹಳೆಯದು. ಗುಟ್ಕಾ ಚೀಟಿಗೂ ಹಗುರ ಹತ್ತು ಪೈಸೆಗೂ ಯಂತ್ರಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಚೀಟಿಯ ಜೊತೆ ಒಂದು ಕಾಲದ ಬಡವರ ಕಾಸನ್ನೂ ನಾವು ಕಸಕ್ಕೆ ಸೇರಿಸಿದ್ದೆವು. ಕಾಸನ್ನು ತೊಳೆಯದೆ, ಉಜ್ಜದೆ, ಫೋಟೋ ತೆಗೆದು ಇದ್ದ ಹಾಗೇ ಮುಚ್ಚಿದೆವು. ಯಂತ್ರದ ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಮೊದಲಿನಿಂದ ನಡೆದೆವು. ಈ ಸಲ ಹಲ್ಲುಗಳೆಲ್ಲ ತುಂಬಿಕೊಂಡವು. ಇನ್ನೊಂದು ಮನೆಯವರು ತೋರಿಸಿದ ಕಡೆ ನಡುವೆ ತೂತಿದ್ದ ಕಾಸು ಕಂಡಿತು, ಮಹಾಯುದ್ಧದ ಕಾಲದ್ದು. ನಿನ್ನೆ ಮೊನ್ನೆ ಒತ್ತುವರಿ ಮಾಡಿದ ಜಾಗ ಎನ್ನುತ್ತಿದ್ದ ಎಂಜಿನಿಯರ್ ಆ ಫೋಟೋ ನೋಡಿ ಮಾತು ಬದಲಿಸಿದರು.

ಆದರೆ ಪೂರ್ವದ ಅಂಚಿನ ಒಂದು ಪಟ್ಟಿ ಮಾತ್ರ ಹೇಗೆ ನಡೆದರೂ ಮೌನವಾಗಿತ್ತು. ರಸ್ತೆಯ ಗೆರೆ ಇದ್ದದ್ದೂ ಸರಿಯಾಗಿ ಅದರ ಮೇಲೆಯೇ.

"ಈ ಸ್ಟ್ರಿಪ್ ಕ್ಲಿಯರ್ ಅಲ್ವಾ ಮೇಡಂ? ನಿಮ್ಮ ಮೆಥಡ್ ಪ್ರಕಾರನೇ ಹೇಳ್ತಿದೀನಿ," ಅಂದರು ಎಂಜಿನಿಯರ್. ಅವರ ದನಿಯಲ್ಲಿ ಖುಷಿಯಿತ್ತು. ಅಷ್ಟು ಪಟ್ಟಿ ಸಿಕ್ಕರೆ ಅವರ ರಸ್ತೆ ನೇರವಾಗುತ್ತಿತ್ತು.

ಅವರ ಜೀಪು ಹೊರಟ ಮೇಲೆ ಒಬ್ಬ ಹೆಂಗಸು ಬಂದರು. ಬಿಳಿ ಸೀರೆ, ಅರವತ್ತು ದಾಟಿದ ವಯಸ್ಸು, ನೆಟ್ಟಗಿನ ನಡಿಗೆ. ಕಾಲೋನಿಯಲ್ಲಿ ಎಲ್ಲರೂ ಮೇಷ್ಟ್ರಮ್ಮ ಎನ್ನುತ್ತಿದ್ದರು. ಅವರ ಗಂಡ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಆಕೆ ಮೌನದ ಪಟ್ಟಿಯ ಉತ್ತರದ ತುದಿಗೆ ಹೋಗಿ ನಿಂತರು.

"ನೋಡಮ್ಮ, ಇಲ್ಲಿ ನಮ್ಮ ಯಜಮಾನ್ರು ಅವ್ರೆ. ಆ ಕಡೀಕೆ ಅವರ ತಮ್ಮ, ಅದರಿಂದಾಚೆಗೆ ಅವರ ಜೊತೆ ಬುದ್ಧನ ದಾರಿ ಹಿಡಿದೋರು. ನಿಮ್ ಯಂತ್ರ ಕೂಗ್ನಿಲ್ಲ ಅಂತ ಅವರೆಲ್ಲ ಇಲ್ದಂಗೆ ಆಗ್ಬುಡ್ತಾರಾ?"

"ಕಾಸು ಹೂಳಲಿಲ್ಲವಾ ಅಮ್ಮ?"

"ಇಲ್ಲ ಕಣಮ್ಮ. ಸಾಯಕ್ ಮುಂಚೆನೇ ಹೇಳ್ಬುಟ್ಟಿದ್ರು. ಹಣೆಗೆ ಅಂಟಿಸ್ಬ್ಯಾಡಿ, ತಲೆತಾವ ಹೂಳ್ಬ್ಯಾಡಿ. ಬದುಕಿರೋಗಂಟ ಈ ನೆಲದಾಗೆ ಗೇದಿದೀವಿ, ಸತ್ತ ಮ್ಯಾಲೆ ಆರಡಿಗೆ ಯಾರಿಗೆ ಬೆಲೆ ಕೊಡಬೇಕು? ಇದು ನಮ್ದೇ ನೆಲ ಅಂದ್ರು. ಪದ್ಧತಿ ಬುಟ್ಟೋರು ಅಂತ ನಮ್ ಕಾಲೋನಿಯೋರೇ ಇವರನ್ನೆಲ್ಲ ಈ ಅಂಚಿಗೆ ಹಾಕುದ್ರು."

ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ನೆಲಕ್ಕೆ ಬೆಲೆ ಕೊಡುವುದಿಲ್ಲ ಎಂದು ಹೇಳಿ ಹೋದ ಮನುಷ್ಯ. ಬೆಲೆ ಕೊಟ್ಟವರಿಗೆ ಮಾತ್ರ ನೆಲ ಎಂದು ವಿಧಾನ ಬರೆದವಳು ನಾನು. ಕಾಲೋನಿಯ ಹಿರಿಯರನ್ನು ಕೇಳಿದರೆ ಅವರೂ ನೆಲ ನೋಡಿದರು. ತಮ್ಮ ಕಡೆಯ ಸಾಲುಗಳು ಉಳಿದದ್ದೇ ದೊಡ್ಡದು, ಈಗ ಅಂಚಿನ ಮಾತೆತ್ತಿದರೆ ಎಲ್ಲ ಕೆಟ್ಟೀತು ಎಂಬ ಭಯ ಅವರಿಗೆ. ಆ ಭಯ ನನಗೆ ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ.

ಊಟದ ಹೊತ್ತಿಗೆ ಹೊಸಕೋಟೆಯವನು ಪಕ್ಕಕ್ಕೆ ಬಂದು ಕೂತ.

"ಮೇಡಂ, ಒಕ ಮಾಟ ಹೇಳ್ತೀನಿ, ಬೈಬ್ಯಾಡಿ. ಸಲಾಕೆಲಿ ತೂತು ಹೊಡ್ದು ಒಂದೊಂದು ರೂಪಾಯಿ ಬಿಳ್ಳ ಇಳಿಸ್ಬುಟ್ರೆ ಆಯ್ತು. ಯಂತ್ರ ತಾನೇ ಕೂಗ್ತದೆ. ಎವರಿಕಿ ಗೊತ್ತಾಗ್ತದೆ?"

ನಿಜ ಹೇಳಬೇಕೆಂದರೆ ಬೈಯಲು ನನಗೆ ಬಾಯಿ ಬರಲಿಲ್ಲ. ಅಲ್ಲಿ ಹೆಣಗಳಿರುವುದು ಸತ್ಯ. ಆ ಸತ್ಯಕ್ಕೆ ಒಂದು ಸಣ್ಣ ಸುಳ್ಳಿನ ಆಸರೆ ಕೊಟ್ಟರೆ ಯಾರ ಗಂಟು ಹೋಗುತ್ತದೆ ಎಂದು ಮನಸ್ಸು ಕೇಳಿತು. ನನ್ನ ಕಣ್ಣು ಆಗಲೇ ಮೂಲೆಯಲ್ಲಿದ್ದ ಸಲಾಕೆಯ ಕಡೆ ಹೋಗಿತ್ತು. ಜಾಲಿ ನೆರಳಿನಲ್ಲಿ ಕೂತಿದ್ದ ಮೇಷ್ಟ್ರಮ್ಮನಿಗೆ ಮಾತು ಕೇಳಿಸಿತ್ತು. ಅವರು ಎದ್ದೇ ಬಂದರು.

"ಬ್ಯಾಡ ಕಣಪ್ಪ. ಬದುಕಿದ್ದಾಗ ಬ್ಯಾಡ ಅಂದೋರ ತಲೆತಾವ ಕದ್ದು ಕಾಸು ಮಡಗ್ತೀಯಾ? ಅಂಗೆ ಜಾಗ ಉಳಿಸ್ಕಂಡ್ರೆ ಅವರು ಹೇಳಿದ್ದು ಸುಳ್ಳಾಗ್ಬುಡ್ತದೆ. ಬೇಕಾದ್ರೆ ರಸ್ತೆ ಹಾಕ್ಕಳ್ಲಿ. ಕಾಸು ಮಾತ್ರ ಮಡಗ್ಬ್ಯಾಡ."

ಅವನು ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ. ಈ ಸಾಲನ್ನು ಬಿಟ್ಟುಕೊಡುವುದಿಲ್ಲ, ಕಾಸಿನ ಹಂಗೂ ಬೇಡ, ಬೇರೆ ದಾರಿ ಹುಡುಕಲೇಬೇಕು ಅಂದುಕೊಂಡೆ. ಅಲ್ಲೇ ಕೇಳಿದೆ, "ಅಮ್ಮ, ಉಪ್ಪು ಹಾಕಿದ್ರಾ?"

"ಉಪ್ಪು ಹಾಕ್ದೆ ಇರ್ತೀವಾ? ಚೀಲಗಟ್ಟಲೆ ಸುರುದ್ವಿ. ಉಪ್ಪು ಹಾಕದು ದೇವರಿಗಲ್ಲ ಕಣಮ್ಮ, ನಾಯಿ ನರಿ ತೋಡ್ಬಾರ್ದು ಅಂತ."

ಉಪ್ಪು ಸುರಿದ ಸಡಿಲ ಮಣ್ಣು ಒಂದು ಕಡೆ, ಯಾರೂ ಅಗೆಯದ ಗಟ್ಟಿ ಗರಸು ಇನ್ನೊಂದು ಕಡೆ. ಇವೆರಡರಲ್ಲಿ ಕರೆಂಟು ಒಂದೇ ಥರ ಹರಿಯುವುದಿಲ್ಲ. ಇದನ್ನು ಅಳೆಯುವ ಪೆಟ್ಟಿಗೆ ನಮ್ಮ ಸೀಮೆಯಲ್ಲಿ ಹೋಬಳಿಗೊಂದು ಸಿಗುತ್ತದೆ, ಬೋರ್‌ವೆಲ್ ಪಾಯಿಂಟ್ ನೋಡುವವರ ಹತ್ತಿರ. ನಾಲ್ಕು ಉಕ್ಕಿನ ಗೂಟಗಳನ್ನು ಒಂದೇ ಸಾಲಿನಲ್ಲಿ ಸಮ ಅಂತರಕ್ಕೆ ಹೊಡೆದು, ಹೊರಗಿನ ಎರಡರಿಂದ ಕರೆಂಟು ಬಿಟ್ಟು, ಒಳಗಿನ ಎರಡರಿಂದ ನೆಲ ಎಷ್ಟು ತಡೆಯೊಡ್ಡುತ್ತದೆಂದು ಓದುತ್ತಾರೆ. ಗೂಟಗಳ ನಡುವಿನ ಅಂತರ ಹೆಚ್ಚಿಸಿದಷ್ಟೂ ಆಳದ ಸುದ್ದಿ ಸಿಗುತ್ತದೆ. ನಮಗೆ ಬೇಕಿದ್ದದ್ದು ನಾಲ್ಕೈದು ಅಡಿಯ ಸುದ್ದಿ ಮಾತ್ರ.

ಶಿರಾದಿಂದ ಒಬ್ಬರನ್ನು ಕರೆಸಿದೆ. ಪಾಯಿಂಟ್ ನೋಡುವುದರಲ್ಲಿ ಪಳಗಿದವರು, ಎಲ್ಲರೂ ಭಾಯ್ ಎನ್ನುತ್ತಿದ್ದರು. ವಿಷಯ ಕೇಳಿ ಜೋರಾಗಿ ನಕ್ಕರು.

"ನೀರು ತೋರ್ಸಿ ಅಂತಾರೆ, ನಿಧಿ ತೋರ್ಸಿ ಅಂತಾರೆ. ಮಣ್ಣಾಗಿರೋ ಮಯ್ಯತ್ ತೋರ್ಸಿ ಅಂದೋರು ನೀವೇ ಫಸ್ಟು ಮೇಡಂ." ಮರುಕ್ಷಣ ನಗು ನಿಲ್ಲಿಸಿ ಚಪ್ಪಲಿ ಬಿಟ್ಟು ಒಳಗೆ ಬಂದರು.

ಹೊಸ ವಿಧಾನವೆಂದರೆ ಯಾರೂ ಸುಮ್ಮನೆ ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಆದ್ದರಿಂದ ಮೊದಲು ಪಶ್ಚಿಮದ ಕಡೆ, ಕಾಸು ಕೂಗಿದ್ದ ಸಾಲುಗಳಲ್ಲಿ ಪರೀಕ್ಷೆ ಇಟ್ಟೆ. ನನ್ನ ಗೂಟಗಳನ್ನೆಲ್ಲ ಕಿತ್ತು, ಸುಣ್ಣದ ಗೆರೆ ಅಳಿಸಿ, ಸಮಾಧಿ ಎಲ್ಲಿದೆಯೆಂದು ಭಾಯ್‌ಗೆ ಹೇಳದೆ ಅಳೆಯಲು ಬಿಟ್ಟೆ. ನೆಲ ಒಣಗಿ ಕಲ್ಲಾಗಿದ್ದರಿಂದ ಮೊದಮೊದಲು ಪೆಟ್ಟಿಗೆಯ ಮುಳ್ಳು ಹುಚ್ಚು ಹಿಡಿದವರ ಹಾಗೆ ಅಲ್ಲಾಡುತ್ತಿತ್ತು. ಪ್ರತಿ ಗೂಟದ ಬುಡಕ್ಕೂ ಒಂದೊಂದು ಲೋಟ ನೀರು ಹಾಕಿದ ಮೇಲೆ ಒಂದು ಹದಕ್ಕೆ ಬಂತು. ಅವರು ಇಲ್ಲಿ ತಡೆ ಇಳಿಯಿತು, ಇಲ್ಲಿ ಏರಿತು ಎಂದು ಹೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. ಸಂಜೆ ಆ ಹಾಳೆಯನ್ನೂ ಕಾಸು ಗುರುತಿಸಿದ್ದ ಹಾಳೆಯನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದೆ. ಅವರು ಇಳಿಯಿತು ಎಂದ ಕಡೆಯಲ್ಲೆಲ್ಲ ನನ್ನ ಕಾಸುಗಳಿದ್ದವು.

ಮಾರನೆಯ ದಿನ ಪೂರ್ವದ ಅಂಚಿಗೆ ಬಂದೆವು. ದಕ್ಷಿಣದ ತುದಿಯಿಂದ ಶುರು ಮಾಡಿದರೆ ಇಳಿತ, ಏರಿಕೆ, ಇಳಿತ, ಏರಿಕೆ, ಮೇಷ್ಟ್ರಮ್ಮ ಹೆಸರು ಹೇಳಿದ ಹಾಗೆಯೇ ಸಾಲು ಮೂಡಿತು. ಒಬ್ಬೊಬ್ಬರ ಹೆಸರಿಗೂ ಯಂತ್ರ ತಲೆಯಾಡಿಸಿದಂತಾಯಿತು. ಆದರೆ ಉತ್ತರದ ತುದಿಯಲ್ಲಿ, ಮೇಷ್ಟ್ರ ಜಾಗದಲ್ಲಿ, ಇಳಿತ ಬರಲಿಲ್ಲ. ಬಂದದ್ದು ಸ್ಪಷ್ಟವಿರಲಿಲ್ಲ, ಸುತ್ತಲಿನ ನೆಲಕ್ಕೂ ಅದಕ್ಕೂ ಕೂದಲೆಳೆಯ ಅಂತರ.

"ಏನಂತದಮ್ಮ?" ಎಂದು ಕೇಳಿದರು ಮೇಷ್ಟ್ರಮ್ಮ.

"ಸರಿಯಾಗಿ ಹೇಳ್ತಿಲ್ಲ ಅಮ್ಮ."

"ಬೇರೆಯೋರಿಗೆಲ್ಲ ಹೇಳ್ತು, ಅವರೊಬ್ಬರಿಗೆ ಹೇಳಲ್ವಾ?"

ಇದೆ ಎಂದು ಬರೆದುಬಿಡಬಹುದಿತ್ತು. ಬರೆಯಲಿಲ್ಲ. ಒಂದು ಕಡೆ ಕೈ ಜಾರಿದರೆ ಇಡೀ ಸಾಲನ್ನು ಅಲ್ಲಗಳೆಯಲು ಎದುರಿನವರು ಕಾದು ಕೂತಿದ್ದರು. ನೆಲವನ್ನೇ ದಿಟ್ಟಿಸಿದೆ. ಆ ತುದಿ ತುಸು ತಗ್ಗು. ಮಳೆ ಬಂದಾಗಲೆಲ್ಲ ಮೇಲಿನ ನೀರು ಅಲ್ಲಿ ಹರಿದು ಉಪ್ಪನ್ನು ತೊಳೆದು ಕೆಳಕ್ಕೆ ಒಯ್ದಿರಬೇಕು. ಉಪ್ಪು ಹೋದರೂ ತೋಡಿದ ಮಣ್ಣಿನ ಸಡಿಲ ಎಲ್ಲಿಗೆ ಹೋಗುತ್ತದೆ? ಗೂಟಗಳ ಅಂತರ ಇನ್ನೂ ಕಿರಿದು ಮಾಡಿ, ಉದ್ದಕ್ಕೆ ಅಳೆದದ್ದನ್ನು ಈಗ ಅಡ್ಡಡ್ಡ ಅಳೆಯಲು ಭಾಯ್‌ಗೆ ಹೇಳಿದೆ. ಗೂಟ ಕಿತ್ತು ಹೊಡೆದು, ಕಿತ್ತು ಹೊಡೆದು ಅವರ ಅಂಗೈಗೆ ಬೊಬ್ಬೆ ಬಂತು. ಹೊತ್ತು ಇಳಿಯುವಾಗ ಹಾಳೆಯ ಮೇಲೆ ಒಂದು ಆಕಾರ ಕಂಡಿತು. ಆರಡಿ ಉದ್ದ, ಎರಡೂವರೆ ಅಡಿ ಅಗಲ, ದಕ್ಷಿಣ ಉತ್ತರ.

"ಇದ್ದಾರೆ ಅಮ್ಮ," ಅಂದೆ. ಮೇಷ್ಟ್ರಮ್ಮ ಅಳಲಿಲ್ಲ. "ನಂಗೆ ಗೊತ್ತಿತ್ತಲ್ಲ," ಅಂದರು.

ಎಂಜಿನಿಯರ್ ಬಂದು ಹಾಳೆಗಳನ್ನು ತಿರುವಿ ಹಾಕಿದರು. ಒಪ್ಪಿಕೊಂಡ ವಿಧಾನ ಕಾಸಿನದ್ದು, ಇದಲ್ಲ ಎಂದರು. ಪರೀಕ್ಷೆಯ ಹಾಳೆ ತೋರಿಸಿದೆ. ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು.

"ಸರಿ ಮೇಡಂ, ಒಂದು ಕೆಲಸ ಮಾಡೋಣ. ಈ ಸಾಲಲ್ಲಿ ಒಂದೇ ಒಂದು ಓಪನ್ ಮಾಡಿ ನೋಡೋಣ. ಮೂಳೆ ಸಿಕ್ಕರೆ ನಾನೇ ಒಪ್ಕೋತೀನಿ, ಮುಗೀತಲ್ಲ?"

"ಆ ಕಡೆ ಎಷ್ಟು ತೆಗೆಸಿ ನೋಡಿದಿರಿ ಸಾರ್?"

"ಅಲ್ಲಿ ಕಾಯಿನ್ ಇತ್ತಲ್ಲ."

"ಕಾಯಿನ್ ಇದ್ದವರ ಮೂಳೆ ನೋಡದೆ ಒಪ್ಪಿದಿರಿ. ಇಲ್ಲದವರು ಮಾತ್ರ ಮೂಳೆ ತೋರಿಸಬೇಕಾ? ಒಂದು ರೂಪಾಯಿ ಕೊಟ್ಟವರ ಮಾತು ನಂಬುತ್ತೀರಿ, ಕೊಡಲ್ಲ ಅಂದವರನ್ನು ಎಬ್ಬಿಸಿ ಕೂರಿಸುತ್ತೀರಿ. ಇದಕ್ಕೆ ನಾನು ಒಪ್ಪಲ್ಲ. ತೆಗೆಯಲೇಬೇಕು ಅಂದರೆ ಪಶ್ಚಿಮದ ಮೂಲೆಯಿಂದ ಎಲ್ಲ ತೆಗೆಯಿರಿ. ಕಾಲೋನಿಯವರಿಗೆ ನೀವೇ ಹೇಳಿ."

"ರಿಪೋರ್ಟಲ್ಲಿ ಈ ಸಾಲು ಬಂದರೆ ಮೇಲಿನವರು ಒಪ್ಪಲ್ಲ ಮೇಡಂ. ನಿಮ್ಮ ಮುಂದಿನ ಕೆಲಸದ ಬಗ್ಗೆನೂ ಯೋಚನೆ ಮಾಡಿ."

"ಈ ಸಾಲು ಬಿಟ್ಟ ರಿಪೋರ್ಟಿಗೆ ನನ್ನ ಸಹಿ ಬರಲ್ಲ. ಯೋಚನೆ ಮಾಡಿಯೇ ಹೇಳ್ತಿದೀನಿ."

ಅಷ್ಟರಲ್ಲಿ ಕಾಲೋನಿಯ ಹಿರಿಯರು ಹಿಂದೆ ಬಂದು ನಿಂತಿದ್ದರು. ಇಷ್ಟು ದಿನ ನೆಲ ನೋಡುತ್ತಿದ್ದವರಲ್ಲಿ ಒಬ್ಬರು ಬಾಯಿ ಬಿಟ್ಟರು. "ಸಾಮಿ, ಅಂಚಿನೋರನ್ನ ಮುಟ್ಟಿದ್ರೆ ನಮ್ಮೋರನ್ನೂ ಮುಟ್ಟಿದಂಗೇ ಕಣಿ. ಆ ರಾಜಿನೇ ಬ್ಯಾಡ ನಮಗೆ." ಎಂಜಿನಿಯರ್ ಹಾಳೆ ಮಡಿಸಿಕೊಂಡು ಜೀಪು ಹತ್ತಿದರು.

ಎರಡೂ ವಿಧಾನಗಳನ್ನು, ಎಡವಿದ್ದನ್ನೂ ತಿದ್ದಿಕೊಂಡಿದ್ದನ್ನೂ ಸೇರಿಸಿ ವರದಿ ಕಳಿಸಿದೆ. ಪೂರ್ವದ ಸಾಲಿನ ಪಕ್ಕದಲ್ಲಿ, ಇವರು ತಿಳಿದೇ ಕಾಸು ನಿರಾಕರಿಸಿದವರು ಎಂದು ಬರೆದೆ. ಆ ಸಾಲು ತೆಗೆದು ಕಳಿಸಿ ಎಂದು ವಾಪಸು ಬಂತು. ಅದೇ ವರದಿಯನ್ನು ಮುಖಪುಟ ಬದಲಿಸಿ ಮತ್ತೆ ಕಳಿಸಿದೆ. ಮತ್ತೆ ಬಂತು, ಮತ್ತೆ ಕಳಿಸಿದೆ. ಆ ಕಚೇರಿಯಿಂದ ನನಗೆ ಬೇರೆ ಕೆಲಸ ಬಂದಿಲ್ಲ. ಅದಕ್ಕೆ ನನಗೇನೂ ದುಃಖವಿಲ್ಲ, ಕೋಪವಿದೆ. ಆದರೆ ಕೊನೆಗೆ ವರದಿ ಇದ್ದ ಹಾಗೇ ಒಪ್ಪಿಗೆಯಾಯಿತು. ರಸ್ತೆಯ ತಿರುವು ತಿರುವಾಗಿಯೇ ಉಳಿಯಿತು, ಗೆರೆ ಸ್ಮಶಾನದಿಂದ ಆಚೆಗೆ ಸರಿಯಿತು.

ಎಲ್ಲೆಯ ಕಲ್ಲು ನೆಡುವ ದಿನ ನಕ್ಷೆ ಹಿಡಿದು ನಾನೂ ಹೋಗಿದ್ದೆ. ಎಂಜಿನಿಯರ್ ಪೂರ್ವದ ಸಾಲಿನ ಉತ್ತರದ ತುದಿಗೆ, ಮೇಷ್ಟ್ರ ಜಾಗ ಮುಗಿಯುವಲ್ಲಿಗೇ, ಕೊನೆಯ ಕಲ್ಲು ನೆಡಲು ಹೇಳುತ್ತಿದ್ದರು. ಮೇಷ್ಟ್ರಮ್ಮ ಆ ಗುಂಡಿಗೆ ಅಡ್ಡ ಬಂದು ನಿಂತು, ಪಕ್ಕದ ನೆಲವನ್ನು ಕಾಲಿನಲ್ಲಿ ತೋರಿಸಿದರು.

"ಇಲ್ಲಿ ಯಾರವ್ರೆ ಅಂತದಮ್ಮ ನಿಮ್ ಯಂತ್ರ?"

"ಯಾರೂ ಇಲ್ಲ ಅಮ್ಮ. ಗಟ್ಟಿ ನೆಲ."

"ಅಂಗಾದ್ರೆ ಅಲ್ಲಿ ನನ್ನ ಹೆಸರು ಬರಿ. ಕಲ್ಲು ಅದರಿಂದಾಚೆಗೆ ನೆಡ್ಲಿ."

ಎಂಜಿನಿಯರ್ ನಗಲು ನೋಡಿದರು. "ಅಮ್ಮ, ಇದು ತೀರಿಕೊಂಡೋರ ನಕ್ಷೆ. ಬದುಕಿರೋರ ಹೆಸರು ಹಾಕೋಕೆ ಬರಲ್ಲ. ಮುಂದೆ ಇಲಾಖೆಗೆ ಜಾಗ ಬೇಕಾದರೆ ಏನು ಮಾಡೋದು?"

ನಾನು ಅಷ್ಟರಲ್ಲಿ ಆ ಜಾಗದ ಮೇಲೆ ಮೇಷ್ಟ್ರಮ್ಮನ ಹೆಸರು ಬರೆದು ಕೆಳಗೆ ಸಹಿ ಹಾಕಿ, ನಕ್ಷೆಯನ್ನು ಎಂಜಿನಿಯರ್ ಕೈಗೆ ಕೊಟ್ಟಿದ್ದೆ. ಮೇಷ್ಟ್ರಮ್ಮ ಗುಂಡಿಯ ಹತ್ತಿರದಿಂದ ಕದಲಲಿಲ್ಲ.

"ಬೇಕಾದ್ರೆ ಬಂದು ನನ್ನೇ ಕೇಳಪ್ಪ. ಇವರೆಲ್ಲ ಮಾತಾಡಲ್ಲ ಅಂತ ಯಂತ್ರ ತಂದ್ರಿ. ನಾನಿನ್ನೂ ಮಾತಾಡ್ತೀನಿ."